ಮೈಕ್ರೋವೇವ್ ನಿಂತ ಮೇಲೂ ಎರಡು ನಿಮಿಷ ಕಾಯಿರಿ

ನಮ್ಮ ಬೀದಿಯಲ್ಲಿ ಯಾರಾದರೂ ಹೊಸದಾಗಿ ಮೈಕ್ರೋವೇವ್ ತಂದರೆ ನನ್ನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ. "ಆಂಟಿ, ಅದು ಓಡುವಾಗ ಎಷ್ಟು ದೂರ ನಿಂತಿರಬೇಕು?" ಬಾಗಿಲು ಸರಿಯಾಗಿ ಮುಚ್ಚುತ್ತಿದ್ದರೆ ಪಕ್ಕದಲ್ಲೇ ನಿಂತು ಸೊಪ್ಪು ಬಿಡಿಸಿ, ಏನೂ ಆಗುವುದಿಲ್ಲ ಅಂತ ಹೇಳುತ್ತೇನೆ. ನಾನು 20 ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಬಾಗಿಲಿನ ಗಾಜಿನ ಹಿಂದೆ ಸಣ್ಣ ಸಣ್ಣ ತೂತಿನ ಲೋಹದ ಜಾಲರಿ ಇರುತ್ತದೆ, ನೋಡಿರುತ್ತೀರಿ. ಒಳಗೆ ಓಡಾಡುವ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಜಾಲರಿಯ ತೂತು ಒಂದೆರಡು ಮಿಲಿಮೀಟರ್ ಅಷ್ಟೇ. ಅಷ್ಟು ದೊಡ್ಡ ಅಲೆ ಆ ತೂತಿನಲ್ಲಿ ನುಸುಳುವುದಿಲ್ಲ, ಬೆಳಕು ಮಾತ್ರ ಹೊರಗೆ ಬರುತ್ತದೆ. ಬಾಗಿಲು ತೆಗೆದ ಕ್ಷಣವೇ ಅಲೆ ನಿಲ್ಲುತ್ತದೆ. ಬಲ್ಬು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಹಾಗೇ ಊಟದಲ್ಲೂ ಏನೂ ಉಳಿಯುವುದಿಲ್ಲ. ಆದರೆ ಬಾಗಿಲು ಸೊಟ್ಟಗಾಗಿದ್ದರೆ, ಹಿಂಜ್ ಸಡಿಲವಾಗಿದ್ದರೆ, ಗಾಜು ಬಿರುಕು ಬಿಟ್ಟಿದ್ದರೆ ಆ ದಿನವೇ ಬಳಸುವುದನ್ನು ನಿಲ್ಲಿಸಿ. ಮನೆಯಲ್ಲಿ ಯಾರೂ ಸ್ಕ್ರೂ ಡ್ರೈವರ್ ಹಿಡಿದು ಅದರ ಹಿಂಬದಿ ಬಿಚ್ಚಕೂಡದು. ಒಳಗಿನ ಕೆಪಾಸಿಟರ್‌ನಲ್ಲಿ 2000 ವೋಲ್ಟ್‌ಗೂ ಜಾಸ್ತಿ ಕರೆಂಟು ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಹೊಡೆಯಬಹುದು, ಜೀವಕ್ಕೇ ಅಪಾಯ.

ಹುಷಾರಾಗಿರಬೇಕಾದದ್ದು ಬಿಸಿನೀರಿನ ಹತ್ತಿರ. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಒಂದು ಸಂಜೆ ಗಾಜಿನ ಲೋಟದಲ್ಲಿ ನೀರಿಟ್ಟು ಎರಡು ನಿಮಿಷ ಓಡಿಸಿದೆ. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದು, ಆರಿರಬಹುದು ಅಂತ ಇನ್ನೂ ಎರಡು ನಿಮಿಷ ಇಟ್ಟೆ. ಹೊರಗೆ ತೆಗೆದಾಗ ನೀರು ಕನ್ನಡಿಯ ಹಾಗೆ ಸುಮ್ನೆ ನಿಂತಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದೆ ನೋಡಿ, ಬುಸ್ ಅಂತ ಅರ್ಧ ಲೋಟ ನೀರು ಮೇಲಕ್ಕೆ ಹಾರಿ ಮಣಿಕಟ್ಟಿನ ಮೇಲೆ ಬಿತ್ತು. ಒಲೆಯ ಮೇಲೆ ಪಾತ್ರೆಯ ತಳ ಕಾಯುತ್ತದೆ, ತಳದ ತರಿಯಲ್ಲಿ ಗುಳ್ಳೆ ಹುಟ್ಟುತ್ತದೆ, ನೀರು ಕುದಿಯುವುದು ನಮಗೆ ಕಾಣಿಸುತ್ತದೆ. ನುಣುಪಾದ ಗಾಜಿನಲ್ಲಿ, ಮೈಕ್ರೋವೇವ್ ಒಳಗೆ, ನೀರು 100 ಡಿಗ್ರಿ ದಾಟಿದರೂ ಒಮ್ಮೊಮ್ಮೆ ಗುಳ್ಳೆಯೇ ಬರುವುದಿಲ್ಲ. ಚಮಚ ತಾಗಿದರೆ, ಪುಡಿ ಬಿದ್ದರೆ, ಲೋಟ ಅಲುಗಿದರೆ ಸಾಕು, ಒಟ್ಟಿಗೆ ಉಕ್ಕುತ್ತದೆ.

ಅವತ್ತಿನಿಂದ ನಮ್ಮ ಮನೆಯ ಲೆಕ್ಕ ಇದು. 800 ವಾಟ್‌ನ ಓವನ್‌ನಲ್ಲಿ ಒಂದು ಲೋಟ ನೀರಿಗೆ ಒಂದೂವರೆಯಿಂದ ಎರಡು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ನೀರಿನೊಳಗೆ ಒಂದು ಮರದ ಚಮಚ ಇಟ್ಟೇ ಕಾಯಿಸುವುದು. ಒಮ್ಮೆ ಕಾದ ನೀರನ್ನು ಮತ್ತೆ ಇಡುವುದಿಲ್ಲ. ನಿಂತ ಮೇಲೆ ಒಂದು ನಿಮಿಷ ಬಾಗಿಲು ತೆಗೆಯುವುದಿಲ್ಲ. ಅಕಸ್ಮಾತ್ ಕೈ ಸುಟ್ಟರೆ ತಣ್ಣೀರಿನ ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಐಸು, ಪೇಸ್ಟು, ಅರಿಶಿನ ಹಚ್ಚಲು ಹೋಗಬೇಡಿ.

ಮಗುವಿನ ಹಾಲಿನ ಬಾಟಲಿಯನ್ನು ಮಾತ್ರ ಇದರಲ್ಲಿ ಇಡಲೇಬೇಡಿ, ತಾಯಿ ಹಾಲಾದರೂ ಅಷ್ಟೇ, ಡಬ್ಬದ ಹಾಲಾದರೂ ಅಷ್ಟೇ. ಬಾಟಲಿ ಕೈಗೆ ಉಗುರು ಬೆಚ್ಚಗಿರುತ್ತದೆ, ನಡುವೆ ಒಂದು ಕಡೆ ಹಾಲು ಸುಡುತ್ತಿರುತ್ತದೆ. ಕೂಸಿನ ಬಾಯಿ ಎಷ್ಟು ಮೆತ್ತಗೆ ಅಲ್ವಾ? ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ನಿಲ್ಲಿಸಿ. ಐದು ನಿಮಿಷ ತಡವಾದರೂ ಪರವಾಗಿಲ್ಲ.

ಇನ್ನು ಅಡುಗೆಯ ವಿಷಯ. ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಅಲೆ ಊಟದೊಳಗೆ ಎರಡು ಮೂರು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಅಲ್ಲಿರುವ ನೀರಿನಂಶವನ್ನು ಬಿಸಿ ಮಾಡುತ್ತದೆ. ಅಲ್ಲಿಂದ ಮುಂದೆ ನಡುವಿಗೆ ಶಾಖ ತಾನಾಗಿಯೇ ಹರಿಯಬೇಕು, ಅದಕ್ಕೆ ಸಮಯ ಬೇಕು. ಅದಕ್ಕೇ ಓವನ್ ಬೀಪ್ ಅಂದ ಮೇಲೂ ಎರಡು ನಿಮಿಷ ಮುಚ್ಚಳ ತೆಗೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಆ ಎರಡು ನಿಮಿಷವೂ ಅಡುಗೆಯ ಸಮಯವೇ. "ಹೊರಗೆ ಸುಡುತ್ತದೆ, ಒಳಗೆ ತಣ್ಣಗಿದೆ" ಅಂತ ದೂರುವವರು ಹೆಚ್ಚಾಗಿ ಈ ಕಾಯುವುದನ್ನೇ ಬಿಟ್ಟಿರುತ್ತಾರೆ.

ತಟ್ಟೆಯಲ್ಲಿ ಜೋಡಿಸುವುದೂ ಮುಖ್ಯ. ಇಡ್ಲಿಯಾಗಲಿ, ಆಲೂಗಡ್ಡೆಯಾಗಲಿ, ಬಳೆಯ ಹಾಗೆ ಸುತ್ತ ಇಟ್ಟು ನಡುವೆ ಖಾಲಿ ಬಿಡಿ. ದಪ್ಪ ತುದಿ ಹೊರಗಡೆಗೆ ಇರಲಿ. ಹುಳಿ, ಸಾರು, ಪಲ್ಯ ಯಾವುದಾದರೂ ನಡುವೆ ಒಮ್ಮೆ ನಿಲ್ಲಿಸಿ ತಳದಿಂದ ಕಲಸಿ. ಮುಚ್ಚಳ ಇರಲಿ, ಆದರೆ ಆವಿ ಹೋಗಲು ಸ್ವಲ್ಪ ಸಂದು ಬಿಡಿ. ಮುಚ್ಚಳ ತೆಗೆಯುವಾಗ ನಿಮ್ಮಿಂದ ಆಚೆಯ ಅಂಚನ್ನು ಮೊದಲು ಎತ್ತಿ, ಆವಿ ಮುಖಕ್ಕೆ ಬರದೆ ಅತ್ತ ಹೋಗುತ್ತದೆ. ಮತ್ತೆ, ಪಕ್ಕದ ಮನೆಯವರು ಹೇಳಿದ ನಿಮಿಷವನ್ನು ಹಾಗೇ ಒತ್ತಬೇಡಿ. ಅವರದು 900 ವಾಟ್, ನಿಮ್ಮದು 700 ವಾಟ್ ಇದ್ದರೆ ಅವರ ಮೂರು ನಿಮಿಷ ನಿಮಗೆ ಸುಮಾರು ನಾಲ್ಕು ನಿಮಿಷ. ಕಡಿಮೆ ಸಮಯ ಕೊಟ್ಟು ನೋಡಿ, ಬೇಕಾದರೆ ಇನ್ನೊಂದರ್ಧ ನಿಮಿಷ ಇಡಬಹುದು. ಜಾಸ್ತಿ ಆಗಿ ಒಣಗಿದ್ದನ್ನು ಸರಿ ಮಾಡಲು ಆಗುವುದಿಲ್ಲ.

ನಾನು ದಿನವೂ ಮಾಡುವುದು ತರಕಾರಿ ಬೇಯಿಸುವುದು. ಕಾಲು ಕಿಲೋ ಹುರುಳಿಕಾಯಿ ಸಣ್ಣಗೆ ಹೆಚ್ಚಿ, ಗಾಜಿನ ಬೋಗುಣಿಯಲ್ಲಿ ಹಾಕಿ, ಮೂರು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚುತ್ತೇನೆ. ಉಪ್ಪು ಆಗ ಹಾಕುವುದಿಲ್ಲ. ಮೇಲೆ ಉದುರಿಸಿದ ಉಪ್ಪು ನೀರು ಎಳೆದು ಕಾಯಿಯನ್ನು ಅಲ್ಲಲ್ಲಿ ಸುಕ್ಕಾಗಿಸುತ್ತದೆ. ನಾಲ್ಕು ನಿಮಿಷ ಆದ ಮೇಲೆ ಕಲಸಿ, ಇನ್ನು ಮೂರು ನಿಮಿಷ, ಆಮೇಲೆ ಮೂರು ನಿಮಿಷ ಹಾಗೇ ಬಿಡುವುದು. ತೆಗೆದರೆ ಹಸಿರು ಬಣ್ಣ ಹೊಲದಿಂದ ಬಂದ ಹಾಗೇ ಇರುತ್ತದೆ. ಬಸಿದು ಚೆಲ್ಲುವ ನೀರೇ ಇಲ್ಲದ್ದರಿಂದ ವಿಟಮಿನ್ ಸಿ ಕೂಡ ಜಾಸ್ತಿ ಉಳಿಯುತ್ತದೆ. ಒಗ್ಗರಣೆ ಮಾತ್ರ ಗ್ಯಾಸಿನ ಮೇಲೆ, ಒಗ್ಗರಣೆ ಸೌಟಿನಲ್ಲೇ. ಮೈಕ್ರೋವೇವ್‌ನಲ್ಲಿ ಎಣ್ಣೆ ಎಷ್ಟು ಕಾದಿದೆ ಅಂತ ಗೊತ್ತಾಗುವುದಿಲ್ಲ. ಸಾಸಿವೆ ಸಿಡಿಯಲು ಕಾದು ಕಾದು ಬೆಂಕಿ ಮಾಡಿಕೊಳ್ಳುವುದು ಬೇಡ. ಕರಿಯುವ ಕೆಲಸವಂತೂ ಅದರಲ್ಲಿ ಯಾವತ್ತೂ ಬೇಡ. ಅಕ್ಕಿ ರೊಟ್ಟಿ, ದೋಸೆ, ಚಪಾತಿ ಬೇಯಿಸಲು ಕಾವಲಿಯೇ ಸರಿ, ಗರಿ ಬರಬೇಕಲ್ವಾ.

ಕಡಲೆಬೀಜ ಹುರಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಒಂದು ಕಪ್ ಕಡಲೆಬೀಜ ಅಗಲವಾದ ಗಾಜಿನ ತಟ್ಟೆಯಲ್ಲಿ ಹರಡಿ ಎರಡು ನಿಮಿಷ. ಕೈಯಾಡಿಸಿ ಒಂದು ನಿಮಿಷ. ಮತ್ತೆ ಕೈಯಾಡಿಸಿ ಇನ್ನೊಂದು ನಿಮಿಷ. ಆಗ ಬಾಯಿಗೆ ಹಾಕಿದರೆ ಮೆತ್ತಗಿರುತ್ತದೆ, ಇನ್ನೂ ಹುರಿಯಬೇಕು ಅನಿಸುತ್ತದೆ. ಬೇಡ, ಹೊರಗೆ ತೆಗೆದು ಆರಲು ಬಿಡಿ. ಹತ್ತು ನಿಮಿಷಕ್ಕೆ ಗರಿಗರಿಯಾಗಿ, ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಹಾರಿಹೋಗುತ್ತದೆ. ಉಪ್ಪಿಟ್ಟಿನ ರವೆಯೂ ಹೀಗೇ, ನಿಮಿಷಕ್ಕೊಮ್ಮೆ ಕಲಸುತ್ತಾ ಮೂರು ನಿಮಿಷ. ಉದ್ದಿನ ಹಪ್ಪಳ ತಿರುಗುವ ತಟ್ಟೆಯ ಮೇಲೆ ಹಾಗೇ ಇಟ್ಟರೆ 30–40 ಸೆಕೆಂಡಿನಲ್ಲಿ ಅರಳುತ್ತದೆ, ಕಣ್ಣು ಮಾತ್ರ ಅದರ ಮೇಲೇ ಇರಲಿ. ಒಣಮೆಣಸಿನಕಾಯಿ ಇಡಬೇಡಿ. ನೀರಿಲ್ಲದ ಪದಾರ್ಥ ಕ್ಷಣದಲ್ಲಿ ಕರಕಲಾಗುತ್ತದೆ, ಆ ಘಾಟಿಗೆ ಮನೆಯವರೆಲ್ಲ ಕೆಮ್ಮಿ ಹೊರಗೆ ಓಡಬೇಕಾಗುತ್ತದೆ.

ಮುಸುಕಿನ ಜೋಳಕ್ಕೆ ಹೆಸರಲ್ಲೇ ಮುಸುಕಿದೆ. ಅದನ್ನು ಸುಲಿಯದೇ ಇಡಿ. ಒಂದು ತೆನೆಗೆ ನಾಲ್ಕು ನಿಮಿಷ, ಎರಡು ನಿಮಿಷ ವಿರಾಮ. ಸಿಪ್ಪೆಯೊಳಗಿನ ಆವಿಯಲ್ಲೇ ಬೇಯುತ್ತದೆ. ದಪ್ಪಗಿನ ಬಟ್ಟೆಯಲ್ಲಿ ಹಿಡಿದು, ಬುಡದ ಕಡೆ ಒಂದಿಂಚು ಕತ್ತರಿಸಿ, ತುದಿ ಹಿಡಿದು ಒತ್ತಿದರೆ ತೆನೆ ಜಾರಿ ಬರುತ್ತದೆ. ಕೂದಲೆಲ್ಲ ಸಿಪ್ಪೆಯಲ್ಲೇ ಉಳಿಯುತ್ತದೆ. ನನ್ನ ಮೊಮ್ಮಗಳು ಇದನ್ನು ನೋಡಲೆಂದೇ ಅಡುಗೆಮನೆಗೆ ಬರುತ್ತಾಳೆ. ಅವಳಿಗೆ ನಾನು ಹೇಳುವ ಕಥೆ, ಈ ಓವನ್ ಹುಟ್ಟಿದ್ದರಲ್ಲೂ ಜೋಳದ ಪಾತ್ರ ಇದೆ ಅಂತ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ಮಿಠಾಯಿ ಯಂತ್ರದ ಹತ್ತಿರ ಕರಗಿತಂತೆ. ಆಮೇಲೆ ಅವರು ಜೋಳದ ಕಾಳು ಇಟ್ಟು ಅರಳಿಸಿ ನೋಡಿದರು. 1947ರಲ್ಲಿ ಬಂದ ಮೊದಲ ಓವನ್ ಹತ್ತಿರ ಹತ್ತಿರ ಆರಡಿ ಎತ್ತರ, ತೂಕ ಸುಮಾರು 340 ಕಿಲೋ!

ಮೊಟ್ಟೆ ಬಗ್ಗೆ ಒಂದೇ ಮಾತು. ಚಿಪ್ಪಿನೊಂದಿಗೆ ಇಡಬಾರದು. ಬೇಯಿಸಿ ಸುಲಿದ ಮೊಟ್ಟೆಯನ್ನೂ ಮತ್ತೆ ಬಿಸಿ ಮಾಡಬಾರದು. ಒಳಗೆ ಆವಿ ಕಟ್ಟಿಕೊಂಡು ಬಾಯಿಯಲ್ಲಿಟ್ಟ ಮೇಲೂ ಸಿಡಿಯಬಹುದು. ಗೆಣಸು, ಆಲೂಗಡ್ಡೆ, ಇಡೀ ಬದನೆಕಾಯಿಗೆ ಫೋರ್ಕಿನಿಂದ ಏಳೆಂಟು ಕಡೆ ಚುಚ್ಚಿಯೇ ಇಡಿ.

ನನ್ನ ತಂಗಿಯ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಅವನ ಕೋಣೆಯಲ್ಲಿ ಒಲೆ ಇಲ್ಲ, ಇದೊಂದೇ. "ದೊಡ್ಡಮ್ಮಾ, ಅನ್ನ ಮಾಡಿದರೆ ಎಲ್ಲಾ ಉಕ್ಕಿ ಚೆಲ್ಲುತ್ತೆ" ಅಂತ ಫೋನ್ ಮಾಡಿದ್ದ. ಪಾತ್ರೆ ಸಣ್ಣದು ಕಣೋ ಅಂದೆ. ಒಂದು ಲೋಟ ಅಕ್ಕಿಗೆ ಅದರ ನಾಲ್ಕೈದರಷ್ಟು ಹಿಡಿಯುವ ಆಳವಾದ ಬೋಗುಣಿ ಬೇಕು. ಅಕ್ಕಿ ತೊಳೆದು 20 ನಿಮಿಷ ನೆನೆಸಿ, ಆ ನೀರು ಬಸಿದು, ಎರಡು ಲೋಟ ಹೊಸ ನೀರು ಹಾಕಿ ಮುಚ್ಚದೆ ಐದಾರು ನಿಮಿಷ ಪೂರ್ತಿ ಪವರ್‌ನಲ್ಲಿ ಕುದಿಸಬೇಕು. ಆಮೇಲೆ ಪವರ್ ಅರ್ಧಕ್ಕೆ ಇಳಿಸಿ, ಮುಚ್ಚಳ ಓರೆ ಮಾಡಿ, ಎಂಟು ಹತ್ತು ನಿಮಿಷ. ಕೊನೆಗೆ ಐದು ನಿಮಿಷ ಪೂರ್ತಿ ಮುಚ್ಚಿಡಬೇಕು. ಈಗ ಉದುರುದುರಾದ ಅನ್ನದ ಫೋಟೋ ಕಳಿಸುತ್ತಾನೆ.

ಅವನಿಗೆ ಇನ್ನೊಂದು ಮಾತು ಒತ್ತಿ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಬೆಳಿಗ್ಗೆ ಮಾಡಿದ ಅನ್ನ ಸಂಜೆವರೆಗೆ ಕಟ್ಟೆಯ ಮೇಲೆ ಬಿಟ್ಟು, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೆಂದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಶುರುವಾಗುತ್ತದೆ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ಬಿಸಿ ಮಾಡುವಾಗ ಗಂಟು ಬಿಡಿಸಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ ಒಂದೂವರೆ ನಿಮಿಷ, ಕಲಸಿ ಇನ್ನರ್ಧ ನಿಮಿಷ. ನಡುವಿನ ತುತ್ತಿನಿಂದಲೂ ಹೊಗೆಯಾಡಬೇಕು. ಉಗುರು ಬೆಚ್ಚಗಿದ್ದರೆ ಸಾಲದು, ಒಳಗೆಲ್ಲ 74 ಡಿಗ್ರಿ ಮುಟ್ಟಬೇಕು.

ಪಾತ್ರೆಯ ವಿಷಯದಲ್ಲಿ ನಮ್ಮ ಕಷ್ಟ ಸ್ಟೀಲಿನದು. ನಮ್ಮ ಮನೆಗಳಲ್ಲಿ ತಟ್ಟೆ, ಲೋಟ, ಡಬ್ಬಿ ಎಲ್ಲಾ ಸ್ಟೀಲೇ. ಅಲೆ ಅದರೊಳಗೆ ಇಳಿಯುವುದಿಲ್ಲ, ಕಿಡಿಯೂ ಹಾರಬಹುದು. ಚಿನ್ನದ ಗೆರೆಯ ಪಿಂಗಾಣಿಯೂ ಬೇಡ. ಹೋಟೆಲ್ ಪಾರ್ಸೆಲ್ ತಂದಾಗ ಅಲ್ಯೂಮಿನಿಯಂ ಫಾಯಿಲ್ ಜೊತೆ ಸ್ಟೇಪಲ್ ಪಿನ್ ಇದೆಯಾ ಅಂತಲೂ ಹುಡುಕಿ. ಅದು ಇಷ್ಟೇ ಇಷ್ಟು ಇರುತ್ತದೆ, ಕಾಗದಕ್ಕೆ ಬೆಂಕಿ ಹತ್ತಿಸುತ್ತದೆ. ಹಾಗಾಗಿ ಪಾರ್ಸೆಲ್ ಊಟವನ್ನು ಮೊದಲು ಗಾಜಿನ ಬಟ್ಟಲಿಗೆ ಸುರಿದುಬಿಡಿ. ಮೆಲಮೈನ್ ತಟ್ಟೆ, ಐಸ್‌ಕ್ರೀಮ್ ಡಬ್ಬಿ ಕೂಡ ಇದಕ್ಕಲ್ಲ. ಪಿಂಗಾಣಿ ಬಟ್ಟಲು ಆಗುತ್ತದೋ ಇಲ್ಲವೋ ಅನುಮಾನ ಇದ್ದರೆ, ಅದನ್ನು ಖಾಲಿಯಾಗಿ ಇಟ್ಟು ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬೆಚ್ಚಗಾಗಿ ಬಟ್ಟಲು ತಣ್ಣಗಿದ್ದರೆ ಬಳಸಬಹುದು. ಬಟ್ಟಲೇ ಕಾದಿದ್ದರೆ ಬೇಡ. ಏನೂ ಇಡದೆ ಓವನ್ ಓಡಿಸಬಾರದು, ಅಲೆ ಹುಟ್ಟಿಸುವ ಅದರ ಮ್ಯಾಗ್ನೆಟ್ರಾನ್ ಹಾಳಾಗುತ್ತದೆ.

800 ವಾಟ್ ಅಂತ ಬರೆದಿದ್ದರೆ ಅದು ಊಟಕ್ಕೆ ಸೇರುವ ಲೆಕ್ಕ. ಗೋಡೆಯಿಂದ ಎಳೆಯುವುದು 1200 ವಾಟ್‌ಗೂ ಜಾಸ್ತಿ. ಆದ್ದರಿಂದ 16 ಆ್ಯಂಪ್‌ನ ಪವರ್ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಮೇಲೆ ಕ್ರೋಶಾ ಬಟ್ಟೆ ಹೊದಿಸಿ ಹೂದಾನಿ ಇಡುವ ಆಸೆ ನನಗೂ ಇತ್ತು. ಗಾಳಿ ಹೋಗುವ ದಾರಿ ಮುಚ್ಚಿಹೋಗುತ್ತದೆ, ತೆಗೆದುಬಿಡಿ. ಫ್ರಿಜ್ ಮೇಲೆ ಇಟ್ಟರೆ ಸುಡುವ ಸಾರನ್ನು ತಲೆಯ ಮಟ್ಟದಿಂದ ಇಳಿಸಬೇಕಾಗುತ್ತದೆ, ಅದೂ ಬೇಡ. ಒಳಗೆ ಏನಾದರೂ ಹೊತ್ತಿಕೊಂಡರೆ ಬಾಗಿಲು ತೆಗೆಯದೆ ಸ್ವಿಚ್ ಆರಿಸಿ. ಗಾಳಿ ಸಿಗದೆ ತಾನೇ ಆರುತ್ತದೆ.

ವಾರಕ್ಕೊಮ್ಮೆ ಒಂದು ಬಟ್ಟಲು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಹಿಂಡಿದ ಹೋಳನ್ನೂ ಅದರಲ್ಲೇ ಹಾಕಿ, ಮರದ ಚಮಚವನ್ನೂ ಇಟ್ಟು ಮೂರು ನಿಮಿಷ ಓಡಿಸಿ. ಐದು ನಿಮಿಷ ಬಾಗಿಲು ತೆಗೆಯಬೇಡಿ. ಸಿಡಿದು ಒಣಗಿದ ಹುಳಿ, ಎಣ್ಣೆ ಜಿಡ್ಡು ಎಲ್ಲಾ ಆವಿಗೆ ನೆನೆದು, ಬಟ್ಟೆಯಲ್ಲಿ ಒಂದು ಸಲ ಎಳೆದರೆ ಬರುತ್ತದೆ. ಒಳಗೋಡೆಯ ಒಂದು ಪಕ್ಕದಲ್ಲಿ ರಟ್ಟಿನಂಥ ಸಣ್ಣ ಚೌಕ ಇರುತ್ತದೆ, ಅದನ್ನು ಮೆಲ್ಲಗೆ ಒರೆಸಿ, ಕೀಳಬೇಡಿ. ಅಲೆ ಒಳಗೆ ಬರುವುದು ಅಲ್ಲಿಂದಲೇ, ಅದಕ್ಕೆ ಜಿಡ್ಡು ಹತ್ತಿದರೆ ಕಿಡಿ ಹಾರುತ್ತದೆ. ಬಾಗಿಲಿನ ಅಂಚನ್ನೂ ಒರೆಸಿ, ಹತ್ತು ನಿಮಿಷ ತೆರೆದಿಟ್ಟು, ಒಣಗಿದ ಮೇಲೆ ಮುಚ್ಚಿ.