ಒಂದು ದಿನದಲ್ಲಿ ಟೊಲೆಡೊ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬೇಕು

ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿರುವ ಟೊಲೆಡೊ ಸ್ಪೇನಿನ ಒಂದು ಗುಡ್ಡದ ಮೇಲಿನ ಊರು. ಮೂರು ದಿಕ್ಕಿಗೂ ತಾಹೊ ನದಿಯ ಆಳವಾದ ಕಂದರವಿದೆ. ಪೂರ್ವದ ಸೇತುವೆಯಿಂದ ಪಶ್ಚಿಮದ ಸೇತುವೆಗೆ ಅಡ್ಡಲಾಗಿ ನಡೆದರೆ ಒಂದೂವರೆ ಕಿಲೋಮೀಟರ್ ಆಸುಪಾಸು, ಅಷ್ಟೆ. ನಕ್ಷೆ ನೋಡಿದವರು ಅರ್ಧ ದಿನ ಸಾಕು ಅಂದುಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಏರಿಳಿತ, ಉರುಟುಕಲ್ಲಿನ ಹಾಸು ಮತ್ತು ಎಲ್ಲಿ ತಿರುಗಿದರೂ ಒಂದೇ ಥರ ಕಾಣುವ ಓಣಿಗಳು ಸಮಯವನ್ನು ತಿಂದುಹಾಕುತ್ತವೆ. ಗುಡ್ಡವನ್ನು ಒಂದೇ ಸಲ ಹತ್ತಿ, ಪೂರ್ವದಿಂದ ಪಶ್ಚಿಮಕ್ಕೆ ನೋಡುತ್ತಾ ಇಳಿದುಹೋಗುವುದು ಇಲ್ಲಿ ಜಾಣತನ. ಹಿಂದಕ್ಕೂ ಮುಂದಕ್ಕೂ ಓಡಾಡಿದವರು ಮಧ್ಯಾಹ್ನ ಮೂರಕ್ಕೇ ಕಾಲು ಚಾಚಿ ಕೂತುಬಿಡುತ್ತಾರೆ.

ಯಾವ ವಾರ ಹೋಗಬೇಕು

ಮಂಗಳವಾರದಿಂದ ಶುಕ್ರವಾರದವರೆಗೆ ಎಲ್ಲವೂ ತೆರೆದಿರುತ್ತವೆ, ಜನವೂ ಕಡಿಮೆ. ಸೋಮವಾರ ಎಲ್ ಟ್ರಾನ್ಸಿತೊ ಸಿನಗಾಗ್ (ಈಗ ಮ್ಯೂಸಿಯಂ ಆಗಿರುವ ಯಹೂದಿ ಪ್ರಾರ್ಥನಾಲಯ), ಚಿತ್ರಕಾರ ಎಲ್ ಗ್ರೆಕೊನ ಮ್ಯೂಸಿಯಂ ಮತ್ತು ಅಲ್ಕಾಸರ್ ಕೋಟೆಯ ಸೇನಾ ಮ್ಯೂಸಿಯಂ ಮುಚ್ಚಿರುತ್ತವೆ; ಕ್ಯಾಥೆಡ್ರಲ್ ತೆರೆದಿರುತ್ತದೆ. ಭಾನುವಾರ ಇದಕ್ಕೆ ಉಲ್ಟಾ: ಬೆಳಗಿನ ಪೂಜೆಯ ಕಾರಣ ಕ್ಯಾಥೆಡ್ರಲ್ ಪ್ರವಾಸಿಗಳಿಗೆ ತೆರೆಯುವುದು ಮಧ್ಯಾಹ್ನ 2ಕ್ಕೆ, ಸಿನಗಾಗ್ ಮ್ಯೂಸಿಯಂ 3ಕ್ಕೆಲ್ಲ ಬಾಗಿಲು ಹಾಕುತ್ತದೆ. ಬೆಳಗ್ಗೆ ಕ್ಯಾಥೆಡ್ರಲ್, ಮಧ್ಯಾಹ್ನ ಸಿನಗಾಗ್ ಎಂದು ಲೆಕ್ಕ ಹಾಕಿ ಬಂದವರಿಗೆ ಭಾನುವಾರ ಎರಡೂ ತಪ್ಪುತ್ತವೆ. ಶನಿವಾರ ಮಧ್ಯಾಹ್ನ 2ರ ನಂತರ ಟ್ರಾನ್ಸಿತೊ ಮತ್ತು ಗ್ರೆಕೊ ಮ್ಯೂಸಿಯಂ ಉಚಿತ. ಆದರೆ ಟಿಕೆಟ್ಟೇ 3 ಯೂರೊ ಇರುವಾಗ ಅಷ್ಟಕ್ಕಾಗಿ ಶನಿವಾರದ ಜನಜಂಗುಳಿಗೆ ತಲೆಕೊಡಬೇಕಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು, 40 ಮುಟ್ಟುವುದೂ ಉಂಟು. ಆಗ ಹೋಗಲೇಬೇಕಾದರೆ ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಕಲ್ಲಿನ ಕಟ್ಟಡಗಳ ಒಳಗೇ ಇರುವಂತೆ ನೋಡಿಕೊಳ್ಳಿ. ಏಪ್ರಿಲ್, ಮೇ, ಅಕ್ಟೋಬರ್ ಹಿತ. ಈಸ್ಟರ್ ಆಗಿ ಅರವತ್ತು ದಿನಕ್ಕೆ ಬರುವ ಕಾರ್ಪುಸ್ ಕ್ರಿಸ್ತಿ ಇಲ್ಲಿನ ದೊಡ್ಡ ಹಬ್ಬ; ಮೆರವಣಿಗೆಯ ಬೀದಿಗಳಿಗೆ ಮೇಲಿನಿಂದ ಬಟ್ಟೆಯ ಚಪ್ಪರ ಎಳೆದಿರುತ್ತಾರೆ. ಹಬ್ಬ ನೋಡಲೆಂದೇ ಬರುವವರಿಗೆ ಅದು ಸೊಗಸು, ಕಟ್ಟಡ ನೋಡಲು ಬಂದವರಿಗೆ ಅಂದು ಏನೂ ಗಿಟ್ಟದು.

ರೈಲು, ಬಸ್ಸು, ಮತ್ತೆ ಆ ಏರು

ಮ್ಯಾಡ್ರಿಡ್‌ನ ಪುಯೆರ್ತಾ ದೆ ಅತೋಚಾ ನಿಲ್ದಾಣದಿಂದ 'ಅವಾಂತ್' ರೈಲು ಹಿಡಿದರೆ ಸುಮಾರು 33 ನಿಮಿಷ. ಒಂದು ಕಡೆಗೆ ಸುಮಾರು 14 ಯೂರೊ. ಈ ರೈಲಿನ ದರ ದಿನದಿನಕ್ಕೆ ಏರಿಳಿಯುವುದಿಲ್ಲ, ಹಾಗಾಗಿ ಮುಂಚೆ ಕೊಂಡರೆ ದುಡ್ಡೇನೂ ಉಳಿಯದು, ಉಳಿಯುವುದು ಸೀಟು. ನಿಂತು ಹೋಗುವ ಟಿಕೆಟ್ ಇಲ್ಲ, ಎಲ್ಲರಿಗೂ ಸೀಟು ಗೊತ್ತುಪಡಿಸಿರುತ್ತದೆ, ಆದ್ದರಿಂದ ವಾರಾಂತ್ಯದ ಬೆಳಗಿನ ರೈಲು ಮತ್ತು ಸಂಜೆ ಹಿಂದಿರುಗುವ ರೈಲು ಬೇಗ ತುಂಬುತ್ತವೆ. ಹೋಗುವುದನ್ನು ಕಾದಿರಿಸಿ, ಬರುವುದನ್ನು 'ಅಲ್ಲೇ ಕೊಂಡರಾಯಿತು' ಎಂದು ಬಿಟ್ಟವರು ರಾತ್ರಿ ಬಸ್ಸು ಹುಡುಕಬೇಕಾಗುತ್ತದೆ. ಅತೋಚಾದಲ್ಲಿ ಚೀಲಗಳನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಿಯೇ ಒಳಗೆ ಬಿಡುತ್ತಾರೆ. ಅರ್ಧ ಗಂಟೆ ಮುಂಚೆ ಅಲ್ಲಿರಿ.

ಬಸ್ಸು ಹೊರಡುವುದು ಪ್ಲಾಸಾ ಎಲಿಪ್ತಿಕಾದಿಂದ. ಟಿಕೆಟ್ ಅಗ್ಗ, ಓಡಾಟವೂ ಹೆಚ್ಚು. ನೇರ ಬಸ್ಸಿಗೆ ಒಂದು ಗಂಟೆ ಹಿಡಿಯುತ್ತದೆ; ಹಳ್ಳಿಹಳ್ಳಿಗೆ ನಿಲ್ಲುವುದಕ್ಕೆ ಒಂದೂವರೆ. ಹತ್ತುವ ಮುಂಚೆ ಡ್ರೈವರನ್ನು 'ದಿರೆಕ್ತೊ?' ಎಂದು ಕೇಳಿಬಿಡಿ.

ಟೊಲೆಡೊ ರೈಲು ನಿಲ್ದಾಣದಲ್ಲಿ ಇಳಿದ ಕೂಡಲೇ ಹೊರಗೆ ಓಡಬೇಡಿ. 1919ರಲ್ಲಿ ತೆರೆದ ಆ ಕಟ್ಟಡದ ಟಿಕೆಟ್ ಹಾಲ್ ಹಳೆಯ ಮೂರಿಶ್ (ಸ್ಪೇನನ್ನು ಆಳಿದ ಮುಸ್ಲಿಮರ) ಕೆತ್ತನೆಯ ಮಾದರಿಯಲ್ಲಿದೆ, ಎರಡು ನಿಮಿಷ ನಿಂತು ನೋಡಬಹುದು. ಅಲ್ಲಿಂದ ಹತ್ತು ನಿಮಿಷ ನಡೆದರೆ ಅಲ್ಕಾಂತಾರಾ ಸೇತುವೆ, ಆಮೇಲೆ ಗುಡ್ಡ. ಮೆಟ್ಟಿಲು ಹತ್ತಿಯೇ ಹೋಗಬಹುದು, ಆದರೆ ಬಲ ಉಳಿಸಿಕೊಳ್ಳಬೇಕೆಂದರೆ ಸೇತುವೆ ದಾಟಿ ಬಲಕ್ಕೆ ಸಾಫೊಂತ್ ಕಡೆಗೆ ಹೋಗಿ: ಅಲ್ಲಿಂದ ಎಸ್ಕಲೇಟರ್ ಮಿರಾದೆರೊ ಎಂಬ ಕಟ್ಟೆಗೆ ಎತ್ತಿ ಬಿಡುತ್ತದೆ. ಬಸ್ ನಿಲ್ದಾಣದಿಂದ ಬರುವವರಿಗೂ ಇದೇ ಹತ್ತಿರ. ಊರಿನ ವಾಯವ್ಯದಲ್ಲಿ, ಬಿಸಾಗ್ರಾ ಬಾಗಿಲಿನ ಸಮೀಪ ರೆಕಾರೆದೊ ಎಂಬ ಇನ್ನೊಂದು ಎಸ್ಕಲೇಟರ್ ಸಾಲಿದೆ. ಎರಡೂ ಉಚಿತ, ಎರಡೂ ರಾತ್ರಿಯಿಡೀ ಓಡುವುದಿಲ್ಲ. ಬಾಡಿಗೆ ಕಾರಿನವರು ಕೆಳಗೇ ನಿಲ್ಲಿಸಿ ಇವುಗಳಲ್ಲಿ ಹತ್ತಿ. ಹಳೇ ಊರೊಳಗೆ ಹೊರಗಿನ ವಾಹನಕ್ಕೆ ನಿರ್ಬಂಧವಿದೆ, ಓಣಿಗಳಲ್ಲಿ ಕನ್ನಡಿ ಗೋಡೆಗೆ ಉಜ್ಜುವುದಂತೂ ಖಚಿತ.

ಕೈಪಟ್ಟಿ ಕೊಳ್ಳಬೇಕೆ?

'ಪುಲ್ಸೇರಾ ತುರಿಸ್ತಿಕಾ' ಎಂಬ ಕೈಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡರೆ ಏಳು ಕಡೆ ಪ್ರವೇಶ: ಸಾಂತೊ ತೊಮೆ, ಸಾಂತಾ ಮರಿಯಾ ಲಾ ಬ್ಲಾಂಕಾ, ಸಾನ್ ಹುವಾನ್ ದೆ ಲೊಸ್ ರೆಯೆಸ್, ಕ್ರಿಸ್ತೊ ದೆ ಲಾ ಲೂಸ್, ಸಾನ್ ಇಲ್ದೆಫೊನ್ಸೊ, ಎಲ್ ಸಾಲ್ವದೋರ್ ಮತ್ತು ದೊನ್ಸೆಯಾಸ್ ನೊಬ್ಲೆಸ್. ಬಿಡಿ ಟಿಕೆಟ್ ಒಂದಕ್ಕೆ ಸುಮಾರು 4 ಯೂರೊ. ಪಟ್ಟಿಯ ಬೆಲೆ ಮೂರು-ನಾಲ್ಕು ಬಿಡಿ ಟಿಕೆಟ್ಟಿನಷ್ಟು. ನಾಲ್ಕು ಕಡೆ ಹೋಗುವುದಾದರೆ ಕೊಳ್ಳಿ, ಎರಡೇ ಸಾಕೆನ್ನುವವರಿಗೆ ಬೇಡ. ಪಟ್ಟಿ ಕಿತ್ತರೆ ಅಥವಾ ಬಿಚ್ಚಿದರೆ ನಡೆಯದು, ಹಾಗಾಗಿ ಕಟ್ಟುವಾಗ ತೀರಾ ಬಿಗಿ ಬೇಡವೆನ್ನಿ. ಕ್ಯಾಥೆಡ್ರಲ್, ಟ್ರಾನ್ಸಿತೊ, ಅಲ್ಕಾಸರ್ ಇದರಲ್ಲಿ ಸೇರಿಲ್ಲ. ಇದು ಗೊತ್ತಿಲ್ಲದೆ ಕೈಪಟ್ಟಿ ತೋರಿಸುತ್ತಾ ಕ್ಯಾಥೆಡ್ರಲ್ ಬಾಗಿಲಲ್ಲಿ ವಾದಕ್ಕೆ ನಿಲ್ಲುವವರು ದಿನವೂ ಸಿಗುತ್ತಾರೆ.

ಹತ್ತಕ್ಕೆ ಕ್ಯಾಥೆಡ್ರಲ್

ಒಂಬತ್ತರ ಹೊತ್ತಿಗೆ ಊರು ತಲುಪಿ, ಸೊಕೊದೊವೆರ್ ಚೌಕದಲ್ಲಿ ಕಾಫಿ ಮುಗಿಸಿ, ಹತ್ತಕ್ಕೆ ಕ್ಯಾಥೆಡ್ರಲ್ ಬಾಗಿಲಲ್ಲಿರಿ. ಪ್ರವಾಸಿಗಳಿಗೆ ಪ್ರವೇಶ ದಕ್ಷಿಣ ಬದಿಯ ಪುಯೆರ್ತಾ ಯಾನಾದಿಂದ. ಟಿಕೆಟ್ ಮಾರುವುದು ಬಾಗಿಲಲ್ಲಲ್ಲ, ಎದುರಿನ ಅಂಗಡಿಯಲ್ಲಿ. ಮೊದಲು ಸಾಲಿನಲ್ಲಿ ನಿಂತು ಆಮೇಲೆ ಟಿಕೆಟ್ಟಿಗೆ ಓಡುವುದು ಇಲ್ಲಿನ ಮಾಮೂಲಿ ಎಡವಟ್ಟು. ದರ ಹತ್ತು ಯೂರೊ ಮೇಲಿದೆ, ಆಡಿಯೊ ಗೈಡ್ ಸೇರಿ. ಗೋಪುರ ಹತ್ತಲು ಬೇರೆ ಟಿಕೆಟ್, ನಿಗದಿತ ಹೊತ್ತು. ಮೇಲೆ 1753ರಲ್ಲಿ ಎರಕ ಹೊಯ್ದ, ಈಗ ಬಿರುಕುಬಿಟ್ಟಿರುವ ದೊಡ್ಡ ಗಂಟೆಯಿದೆ.

1226ರಲ್ಲಿ ಶುರುವಾದ ಕಟ್ಟಡ 1493ರಲ್ಲಿ ಮುಗಿಯಿತು. ಒಳಗೆ ಎರಡು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ಮುಕ್ಕಾಲು ಪಾಲು ನಾಲ್ಕು ಜಾಗಗಳಿಗೆ. ಮೊದಲು ಗಾಯಕವೃಂದದ ಆವರಣ: ಕೆಳಸಾಲಿನ ಮರದ ಆಸನಗಳಿಗೆ ರೊದ್ರಿಗೊ ಅಲೆಮಾನ್ ಕೆತ್ತಿದ 54 ಫಲಕಗಳಿವೆ, ಒಂದೊಂದೂ ಮುಸ್ಲಿಂ ರಾಜ್ಯ ಗ್ರನಾಡಾದ ಮೇಲಿನ ಯುದ್ಧದಲ್ಲಿ ಒಂದೊಂದು ಕೋಟೆ ಶರಣಾದ ದೃಶ್ಯ. ಕೆತ್ತುವ ಕೆಲಸ ಶುರುವಾದಾಗ ಆ ಯುದ್ಧ ಇನ್ನೂ ಮುಗಿದಿರಲಿಲ್ಲ. ಒಂದು ಥರದಲ್ಲಿ ಮರದಲ್ಲಿ ಬಂದ ಸುದ್ದಿ ಅದು. ಎರಡನೆಯದು ಪ್ರಧಾನ ಬಲಿಪೀಠದ ಬೆನ್ನಿಗಿರುವ 'ಎಲ್ ಟ್ರಾನ್ಸ್‌ಪರೆಂತೆ'. ಪೀಠದ ಹಿಂದಿನ ಕತ್ತಲ ಓಣಿಗೆ ಬೆಳಕು ತರಲು ಶಿಲ್ಪಿ ನಾರ್ಸಿಸೊ ತೊಮೆ ಗಾಥಿಕ್ ಚಾವಣಿಯನ್ನೇ ಒಡೆದು ಕಿಂಡಿ ಮಾಡಿದ. ಕೆಲಸ ಮುಗಿದದ್ದು 1732ರಲ್ಲಿ. ಅಮೃತಶಿಲೆ, ಕಂಚು, ದೇವದೂತರು ಎಲ್ಲ ಒಂದರ ಮೇಲೊಂದು ಬಿದ್ದಂತಿರುವ ಈ ರಾಶಿ ಕೆಲವರಿಗೆ ಅತಿಯೆನಿಸುತ್ತದೆ, ಆದರೆ ಬೆನ್ನು ತಿರುಗಿಸಿ ಮೇಲಿನ ಕಿಂಡಿಯನ್ನು ನೋಡದಿದ್ದರೆ ಅರ್ಧ ಮಾತ್ರ ನೋಡಿದಂತೆ. ಮೋಡದ ದಿನ ಇದು ಸಪ್ಪೆ. ಒಳಗಿರುವಾಗ ಬಿಸಿಲು ಬಂದರೆ ಬೇರೆಲ್ಲ ಬಿಟ್ಟು ಇಲ್ಲಿಗೆ ಬನ್ನಿ.

ಮೂರನೆಯದು ವಸ್ತ್ರಾಗಾರ, ಪಾದ್ರಿಗಳ ಪೂಜಾವಸ್ತ್ರ ಇಡುವ ಕೋಣೆ. ಅಲ್ಲಿ ಎಲ್ ಗ್ರೆಕೊನ ಚಿತ್ರ 'ಎಲ್ ಎಸ್ಪೋಲಿಯೊ' ಯಾವ ಜಾಗಕ್ಕೆಂದು ಬರೆಸಿದ್ದರೋ ಅಲ್ಲೇ ಇದೆ. ಕ್ರಿಸ್ತನ ಕೆಂಪು ನಿಲುವಂಗಿ ದೂರದಿಂದಲೇ ಕಣ್ಣು ಹಿಡಿಯುತ್ತದೆ. ಬಲಗಡೆ ಎಡಗಡೆಯ ಗೋಡೆಗಳಲ್ಲಿ ಗೋಯಾನಂಥವರ ಚಿತ್ರಗಳಿವೆ. ಬೇರೆ ಊರಲ್ಲಾದರೆ ಅವರಿಗೇ ಒಂದು ಮ್ಯೂಸಿಯಂ ಕಟ್ಟುತ್ತಿದ್ದರು. ನಾಲ್ಕನೆಯದು ಭಂಡಾರದಲ್ಲಿರುವ ಎನ್ರಿಕೆ ದೆ ಆರ್ಫೆಯ ಬೆಳ್ಳಿ-ಬಂಗಾರದ ಕುಸ್ತೋದಿಯಾ (ಪವಿತ್ರ ರೊಟ್ಟಿಯನ್ನಿಟ್ಟು ಮೆರೆಸುವ ಮಂಟಪ), ಕಾರ್ಪುಸ್ ಮೆರವಣಿಗೆಯಲ್ಲಿ ಹೊರಡುವುದು ಇದೇ. ನಡೆಯುವಾಗ ಆಗಾಗ ತಲೆಯೆತ್ತಿ: ಕಾರ್ಡಿನಲ್‌ಗಳ ಸಮಾಧಿಗಳ ಮೇಲೆ ಅವರ ಟೋಪಿಗಳು ತೂಗಾಡುತ್ತಿರುತ್ತವೆ.

ಜನ ಊಟಕ್ಕೆ ಹೋದಾಗ

ಹನ್ನೆರಡರಿಂದ ಒಂದೂವರೆ ಬೀದಿ ಅಲೆಯುವ ಹೊತ್ತು. ಕೈಪಟ್ಟಿ ಇದ್ದರೆ ಸಾನ್ ಇಲ್ದೆಫೊನ್ಸೊ ಚರ್ಚಿನ ಗೋಪುರ ಹತ್ತಿ, ಊರಿನ ಹೆಂಚುಗಳೆಲ್ಲ ಕಾಲಡಿ ಕಾಣುತ್ತವೆ. ಫೋನಿನ ನಕ್ಷೆ ಇಲ್ಲಿನ ಓಣಿಗಳಲ್ಲಿ ಜಾಗ ತಪ್ಪಿ ತೋರಿಸುತ್ತದೆ, ಎರಡೂ ಕಡೆ ಎತ್ತರದ ಗೋಡೆಗಳಿರುವುದರಿಂದ. ಕ್ಯಾಥೆಡ್ರಲ್ ಗೋಪುರವನ್ನು ಗುರುತಿಟ್ಟುಕೊಳ್ಳುವುದು ಹೆಚ್ಚು ನಂಬಿಕೆಯ ದಾರಿ.

ಸಾಂತೊ ತೊಮೆ ಚರ್ಚಿಗೆ ಎರಡು ಗಂಟೆಗೆ ಹೋಗಿ. ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಮಾರ್ಗದರ್ಶಿಗಳ ಗುಂಪು ಒಂದರ ಹಿಂದೊಂದು ಆ ಸಣ್ಣ ಕೋಣೆಗೆ ನುಗ್ಗುತ್ತದೆ. ಎರಡಕ್ಕೆ ಅವರೆಲ್ಲ ಊಟಕ್ಕೆ ಕೂತಿರುತ್ತಾರೆ, ಇಲ್ಲಿ ಬಾಗಿಲು ಮುಚ್ಚುವುದಿಲ್ಲ. ನೋಡಲಿರುವುದು ಒಂದೇ ಚಿತ್ರ: ಎಲ್ ಗ್ರೆಕೊ 1586-88ರಲ್ಲಿ ಬರೆದ 'ಓರ್ಗಾಸ್ ಪ್ರಭುವಿನ ಸಮಾಧಿ', 4.8 ಮೀಟರ್ ಎತ್ತರ. ಫೋಟೊಗೆ ಅನುಮತಿ ಇಲ್ಲ. ಕೆಳಗೆ ಎಡಗಡೆ ಬೆರಳು ತೋರುತ್ತಿರುವ ಹುಡುಗ ಚಿತ್ರಕಾರನ ಮಗ. ಅವನ ಜೇಬಿನ ಕರವಸ್ತ್ರದಲ್ಲಿ 1578 ಎಂದು ಬರೆದಿದೆ, ಹುಡುಗ ಹುಟ್ಟಿದ ವರ್ಷ. ಶೋಕಿಸುತ್ತಿರುವವರ ಸಾಲಿನಲ್ಲಿ ನೇರ ನಮ್ಮನ್ನೇ ನೋಡುವ ಗಡ್ಡದ ಮನುಷ್ಯ ಎಲ್ ಗ್ರೆಕೊ ತಾನೇ ಎನ್ನುತ್ತಾರೆ.

ಮೂರಕ್ಕೆ ಊಟ. ಹೋಟೆಲಿನ ಅಡುಗೆಮನೆ ಸುಮಾರು ನಾಲ್ಕಕ್ಕೆ ಮುಚ್ಚಿ ರಾತ್ರಿ ಎಂಟೂವರೆಯವರೆಗೆ ತೆರೆಯುವುದಿಲ್ಲ, ತಡಮಾಡಬೇಡಿ. ವಾರದ ದಿನಗಳಲ್ಲಿ 'ಮೆನು ದೆಲ್ ದೀಯಾ' ಕೇಳಿದರೆ ಎರಡು ಬಗೆ ಅಡುಗೆ, ಬ್ರೆಡ್ಡು, ಪಾನೀಯ ಒಂದೇ ದರಕ್ಕೆ. ಊರಿನದೇ ಅಡುಗೆ ಕಾರ್ಕಾಮೂಸಾಸ್, ಬಟಾಣಿ ಹಾಕಿ ಬೇಯಿಸಿದ ಹಂದಿಮಾಂಸ. ಸಸ್ಯಾಹಾರಿಗಳಿಗೆ ಪಿಸ್ತೊ ಮಾಂಚೆಗೊ ಎಂಬ ಟೊಮೆಟೊ-ದಪ್ಪಮೆಣಸಿನ ಪಲ್ಯವಿದೆ; ಅದರ ಮೇಲೆ ಮೊಟ್ಟೆ ಒಡೆದು ಹಾಕುವುದು ರೂಢಿ, ಬೇಡವಾದರೆ 'ಸಿನ್ ಹುಯೆವೊ' ಎನ್ನಿ. ಬರೀ 'ವೆಜೆತಾರಿಯಾನೊ' ಎಂದರೆ ಟ್ಯೂನಾ ಮೀನಿನ ಸಲಾಡ್ ಬರುವ ಸಂಭವವಿದೆ, 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಎಂದು ಮೂರನ್ನೂ ಹೇಳುವುದೇ ಕ್ಷೇಮ. ಸಿಹಿಗೆ ಬಾದಾಮಿ-ಸಕ್ಕರೆಯ ಮಾಸಾಪಾನ್. ಪೆಟ್ಟಿಗೆ ಕೊಳ್ಳುವ ಮುಂಚೆ ಬಿಡಿಯಾಗಿ ಒಂದೆರಡು ತಿಂದು ನೋಡಿ.

ಯಹೂದಿಗಳ ಕೇರಿ, ಮತ್ತೆ ಇಳಿಜಾರು

ಟ್ರಾನ್ಸಿತೊ ಸಿನಗಾಗನ್ನು 14ನೆಯ ಶತಮಾನದಲ್ಲಿ ರಾಜನ ಖಜಾಂಚಿ ಸಾಮುಯೆಲ್ ಹಾ-ಲೆವಿ ಕಟ್ಟಿಸಿದ. ಹೊರಗಿಂದ ಮಾಮೂಲಿ ಇಟ್ಟಿಗೆ ಗೋಡೆ. ಒಳಗೆ ಗಾರೆಯ ಕೆತ್ತನೆಯಲ್ಲಿ ಹೀಬ್ರೂ ಅಕ್ಷರಗಳ ಪಟ್ಟಿ, ಮೇಲೆ ಮರದ ಚಾವಣಿ. ನಾಲ್ಕೈದು ನಿಮಿಷದ ನಡಿಗೆಯಲ್ಲಿ ಸಾಂತಾ ಮರಿಯಾ ಲಾ ಬ್ಲಾಂಕಾ: ಲಾಳಾಕಾರದ ಬಿಳಿ ಕಮಾನುಗಳ ಸಾಲುಗಳು, ಮಸೀದಿಯಂತೆ ಕಾಣುವ ಸಿನಗಾಗ್, ಆಮೇಲೆ ಚರ್ಚ್ ಆದದ್ದು. ಎರಡರಲ್ಲಿ ಒಂದೇ ನೋಡುವಷ್ಟು ಹೊತ್ತಿದ್ದರೆ ಟ್ರಾನ್ಸಿತೊ ಆರಿಸಿ.

ಪಕ್ಕದ ಎಲ್ ಗ್ರೆಕೊ ಮ್ಯೂಸಿಯಂ ಅವನ ಮನೆಯಲ್ಲ, ಆ ಕಾಲದ ಮನೆಯಂತೆ ಆಮೇಲೆ ಸಜ್ಜುಗೊಳಿಸಿದ್ದು. ಅವನ ಚಿತ್ರಗಳ ಮೇಲೆ ವಿಶೇಷ ಒಲವಿಲ್ಲದವರು ಬಿಡಬಹುದು. ಅಲ್ಕಾಸರ್ ಕೂಡ ಒಂದೇ ದಿನದ ಪಟ್ಟಿಗೆ ಸೇರದು. ಸೇನಾ ಮ್ಯೂಸಿಯಂಗೇ ಎರಡು ಗಂಟೆ ಬೇಕು.

ಸಾನ್ ಹುವಾನ್ ದೆ ಲೊಸ್ ರೆಯೆಸ್ ಮಠವನ್ನು ಬಿಡಬೇಡಿ. 1476ರ ತೊರೊ ಯುದ್ಧದ ನೆನಪಿಗೆ ಇಸಾಬೆಲ್, ಫೆರ್ನಾಂದೊ ರಾಜದಂಪತಿ ಕಟ್ಟಿಸಿದ್ದು. ಹೊರಗೋಡೆಗೆ ನೇತಾಡುವ ಕಬ್ಬಿಣದ ಸರಪಳಿಗಳು ಗ್ರನಾಡಾ ರಾಜ್ಯದಲ್ಲಿ ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರವು. ಒಳಗಿನ ಎರಡಂತಸ್ತಿನ ಅಂಗಳದಲ್ಲಿ ಮೇಲಕ್ಕೆ ಹೋಗಿ ಮರದ ಚಾವಣಿ ನೋಡಿ; ಬಹಳ ಜನ ಕೆಳಗಿನಿಂದಲೇ ಹಿಂದಿರುಗುತ್ತಾರೆ.

ಬಿಸಾಗ್ರಾ ಕಡೆಯಿಂದ ಊರು ಹತ್ತಿದವರಿಗೆ ದಾರಿಯಲ್ಲೇ ಸಿಗುವ ಕ್ರಿಸ್ತೊ ದೆ ಲಾ ಲೂಸ್ 999ರ ಸಣ್ಣ ಮಸೀದಿ: ಒಂಬತ್ತು ಪುಟ್ಟ ಕಮಾನು ಚಾವಣಿ, ಒಂದರಂತೆ ಇನ್ನೊಂದಿಲ್ಲ. ಉಳಿದವರಿಗೆ ಅದು ಸುತ್ತುದಾರಿ.

ನದಿಯಾಚೆಯಿಂದ

ಮಠದಿಂದ ಇಳಿದರೆ ಸಾನ್ ಮಾರ್ತಿನ್ ಸೇತುವೆ. ಅದನ್ನು ದಾಟಿ ಎಡಕ್ಕೆ ನದಿಯ ಆಚೆದಡದ ರಸ್ತೆ ಹಿಡಿದರೆ ಮಿರಾದೋರ್ ದೆಲ್ ವಾಯೆ ಸಿಗುತ್ತದೆ, ಇಡೀ ಊರು ಒಂದೇ ನೋಟಕ್ಕೆ ಬರುವ ಜಾಗ. ಏರು ರಸ್ತೆ, ನೆರಳು ಕಡಿಮೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಲೀಟರ್ ನೀರು ಇರಲಿ. ಅದೇ ರಸ್ತೆ ಮುಂದೆ ಅಲ್ಕಾಂತಾರಾ ಸೇತುವೆಗೂ ಅಲ್ಲಿಂದ ರೈಲು ನಿಲ್ದಾಣಕ್ಕೂ ಇಳಿಯುವುದರಿಂದ ಗುಡ್ಡವನ್ನು ಮತ್ತೆ ಹತ್ತುವ ಕೆಲಸವಿಲ್ಲ. ನಡೆಯಲಾರದವರಿಗೆ ಸೊಕೊದೊವೆರ್‌ನಿಂದ ಊರ ಬಸ್ಸು, ಪ್ರವಾಸಿ ರೈಲುಬಂಡಿ, ಟ್ಯಾಕ್ಸಿ ಇವೆ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಅಲ್ಲಿರಿ. ಬೇಸಿಗೆಯಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಸುಮಾರಿಗೆ, ಅಂದರೆ ಮ್ಯಾಡ್ರಿಡ್‌ಗೆ ಕೊನೆಯ ರೈಲು ಅದಕ್ಕೂ ಮುಂಚೆಯೇ ಹೊರಟಿರಬಹುದು. ದೀಪ ಹೊತ್ತಿದ ಊರು ನೋಡಲೇಬೇಕೆಂದಿದ್ದರೆ ಒಂದು ರಾತ್ರಿ ಉಳಿಯಿರಿ. ಸಂಜೆ ಏಳರ ನಂತರ ದಿನದ ಪ್ರವಾಸಿಗಳು ಖಾಲಿಯಾಗಿ ಓಣಿಗಳು ಸುಮ್ಮನಾಗುತ್ತವೆ.

ಕತ್ತಿ, ಚಾಕು, ಕಪ್ಪು ಉಕ್ಕಿಗೆ ಚಿನ್ನದೆಳೆ ಕೂಡಿಸಿದ ದಮಾಸ್ಕಿನಾದೊ ಇಲ್ಲಿನ ಹಳೆಯ ಕಸುಬು. ಅಂಗಡಿಗಳಲ್ಲಿ ಅಚ್ಚಿನದು, ಕೈಯಲ್ಲಿ ಮಾಡಿದ್ದು ಎರಡೂ ಇರುತ್ತವೆ. ಕೈಕೆಲಸದ್ದಾದರೆ ಬೆಲೆ ಹಲವು ಪಟ್ಟು, ಎಳೆಗಳು ಪೂರ್ತಿ ಒಂದೇ ಸಮ ಇರುವುದಿಲ್ಲ. ಚಾಕು ಕೊಂಡವರು ವಿಮಾನದಲ್ಲಿ ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ರೈಲು ನಿಲ್ದಾಣದ ತಪಾಸಣೆಯಲ್ಲೂ ತಕರಾರು ಬರಬಹುದು, ಆದ್ದರಿಂದ ಕತ್ತಿಯಂಥದ್ದನ್ನು ಅಂಗಡಿಯವರಿಂದಲೇ ಮನೆಗೆ ಕಳಿಸಿಕೊಳ್ಳುವುದು ಸುಲಭ.