41ನೇ ಪತ್ರದ ಮುಂದೆ ನಿಂತುಹೋದ ಇಮೇಲ್

ನಾಲ್ಕು ದಿನ ನನ್ನ ಕಂಪ್ಯೂಟರಿನ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್ ಒಂದೇ ರಾಗ ಎಳೆಯುತ್ತಿತ್ತು: 63ರಲ್ಲಿ 41ನೇ ಸಂದೇಶ ಬರುತ್ತಿದೆ. ಒಂದೂವರೆ ನಿಮಿಷ ಕಳೆದರೆ ಸಮಯ ಮೀರಿತೆಂಬ ಸೂಚನೆ. ಮತ್ತೆ ಒತ್ತಿದರೆ ಮತ್ತೆ 41. ಪತ್ರ ಕಳುಹಿಸಲು ಮಾತ್ರ ಯಾವ ತಕರಾರೂ ಇರಲಿಲ್ಲ.

ಪಾಸ್‌ವರ್ಡ್ ಬದಲಿಸಿದೆ, ರೌಟರ್ ಆರಿಸಿ ಹಚ್ಚಿದೆ, ಎಲ್ಲವೂ ದಂಡ. ಪಾಸ್‌ವರ್ಡ್ ತಪ್ಪಿದ್ದರೆ ಮೊದಲ 40 ಪತ್ರಗಳಾದರೂ ಹೇಗೆ ಬರುತ್ತಿದ್ದವು ಎಂದು ಹೊಳೆದದ್ದು ಆಮೇಲೆ. ಬ್ರೌಸರಿನಲ್ಲಿ ಇನ್‌ಬಾಕ್ಸ್ ತೆರೆದು ನೋಡಿದರೆ, ಆ 41ನೆಯದು ಭಾವ ಕಳುಹಿಸಿದ ಗೃಹಪ್ರವೇಶದ ಫೋಟೊಗಳು, 22 ಎಂಬಿ! ನನ್ನ ಆಂಟಿವೈರಸ್ ಒಳಬರುವ ಪತ್ರವನ್ನು ಪೂರ್ತಿ ತಾನೇ ಹಿಡಿದಿಟ್ಟುಕೊಂಡು ಶೋಧಿಸುತ್ತಿತ್ತು. ಅಷ್ಟು ಹೊತ್ತು ಥಂಡರ್‌ಬರ್ಡ್‌ಗೆ ಏನೂ ತಲುಪುತ್ತಿರಲಿಲ್ಲ. ಅದರ ತಾಳ್ಮೆಯ ಮಿತಿಯೋ 100 ಸೆಕೆಂಡು. ನಾನು ಬಳಸುವುದು ಪಾಪ್, ಅಂದರೆ ಸರ್ವರಿನಿಂದ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ. ಅದರಲ್ಲಿ ಅರ್ಧಕ್ಕೆ ಕಡಿದ ಪತ್ರ ಮತ್ತೆ ಮೊದಲಿನಿಂದಲೇ ಇಳಿಯಬೇಕು. ಹಾಗಾಗಿ ಈ ಗಾಣದೆತ್ತಿನ ಸುತ್ತು.

ಆಂಟಿವೈರಸ್‌ನಲ್ಲಿ ಇಮೇಲ್ ತಪಾಸಣೆಯೊಂದನ್ನು ಮಾತ್ರ ನಿಲ್ಲಿಸಿದೆ. ಕಡತ ತೆರೆಯುವಾಗ ಅದು ಹೇಗೂ ನೋಡುತ್ತದೆ. ಥಂಡರ್‌ಬರ್ಡ್‌ನ ಒಳ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಎಡಿಟರಿನಲ್ಲಿ, ಆ ತಾಳ್ಮೆಯ ಮಿತಿಯಾದ ‘ಮೇಲ್‌ನ್ಯೂಸ್.ಟಿಸಿಪಿಟೈಮ್‌ಔಟ್’ ಎಂಬುದನ್ನು 100ರಿಂದ 300 ಸೆಕೆಂಡಿಗೆ ಏರಿಸಿದೆ. ಕಾಫಿ ಮುಗಿಯುವಷ್ಟರಲ್ಲಿ 63ನೆಯದೂ ಬಂದಿತ್ತು. ಭಾವನವರಿಗೆ ಫೋನ್ ಮಾಡಿ ಫೋಟೊಗಳು ಚೆನ್ನಾಗಿವೆ ಎಂದೆ, ಉಳಿದದ್ದನ್ನು ಹೇಳಲಿಲ್ಲ.