ಹೋಳಿಗೆಯನ್ನಲ್ಲ, ರೊಟ್ಟಿಯನ್ನು ನೋಡಿ: ತಡವಾಗಿ ವೈದ್ಯರಾಗುವವರು ವಿಭಾಗ ಆರಿಸುವುದು ಹೇಗೆ?

ಹುಬ್ಬಳ್ಳಿಯ ಒಂದು ಔಷಧ ಅಂಗಡಿಯ ಕೆಲಸ ಬಿಟ್ಟು ನಾನು ಎಂ.ಬಿ.ಬಿ.ಎಸ್. ಸೇರಿದಾಗ ನನಗೆ 28 ವರ್ಷ. ಹತ್ತು ವರ್ಷ ಕಿರಿಯರಾದ ಸಹಪಾಠಿಗಳು ಕೊನೆಯವರೆಗೂ ನನ್ನನ್ನು ಅಕ್ಕಾ ಎಂದೇ ಕರೆದರು. ಈಗ ಗದಗದಲ್ಲಿ ಅರಿವಳಿಕೆ ತಜ್ಞೆಯಾಗಿದ್ದೇನೆ. ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ ಮೇಲೆ, ಶಿಕ್ಷಕರೋ ನರ್ಸೋ ಎಂಜಿನಿಯರೋ ಆಗಿದ್ದು ಮೂವತ್ತರ ಆಸುಪಾಸಿನಲ್ಲಿ ವೈದ್ಯಕೀಯಕ್ಕೆ ಬಂದವರು ಸಲಹೆ ಕೇಳಿಕೊಂಡು ನನ್ನಲ್ಲಿಗೆ ಬರುತ್ತಾರೆ. ಅಂಗರಚನೆ, ಔಷಧಶಾಸ್ತ್ರ ಎಲ್ಲವನ್ನೂ ಹಟ ಹಿಡಿದು ದಾಟಿದ ಇವರು ಪಿಜಿ, ಅಂದರೆ ಸ್ನಾತಕೋತ್ತರ ಓದಿನ ವಿಭಾಗ ಆರಿಸುವ ಕೆಲಸವನ್ನು ಮಾತ್ರ ಒಂದೇ ವಾರದಲ್ಲಿ, ಯಾರದೋ ಮಾತು ಕೇಳಿ ಮುಗಿಸಿಬಿಡುತ್ತಾರೆ. ಆಮೇಲೆ ಸೀಟು ಬಿಡಲೂ ಆಗದೆ, ಓದಲೂ ಆಗದೆ ನರಳುವುದನ್ನು ನೋಡಿದ್ದೇನೆ.

ಹಂತ 1: ವರ್ಷಗಳ ಲೆಕ್ಕ

ಮೂವತ್ತಕ್ಕೆ ಸೇರಿದಿರಿ ಎಂದುಕೊಳ್ಳಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ನೀಟ್ ಪಿಜಿ ತಯಾರಿಗೆ ಒಂದು ವರ್ಷ, ಎಂ.ಡಿ. ಅಥವಾ ಎಂ.ಎಸ್.ಗೆ ಮೂರು ವರ್ಷ. ಹೊರಗೆ ಬರುವಾಗ ನಲವತ್ತು. ಸರ್ಕಾರಿ ಸೀಟಾದರೆ ಕರ್ನಾಟಕದ 2012ರ ಕಾಯ್ದೆಯಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಬೇಕಾದ ಕಡ್ಡಾಯ ಸೇವೆ ನಿಮ್ಮ ವರ್ಷದವರಿಗೆ ಹೇಗೆ ಅನ್ವಯಿಸುತ್ತದೆ ಎಂದು ನೋಡಿ ಅದನ್ನೂ ಸೇರಿಸಿ. ಆಮೇಲೂ, ಅರವತ್ತೈದರವರೆಗೆ ದುಡಿದರೆ, ಸುಮಾರು ಇಪ್ಪತ್ತನಾಲ್ಕು ವರ್ಷ ನಿಮ್ಮ ಕೈಯಲ್ಲಿರುತ್ತವೆ. ಮೂರು ವರ್ಷದ ಪಿಜಿಗೆ ಹೆದರಿ ಈ ಇಪ್ಪತ್ತನಾಲ್ಕು ವರ್ಷಗಳನ್ನು ಬೇಡದ ವಿಭಾಗಕ್ಕೆ ಬರೆದುಕೊಡಬೇಡಿ. ಒಂದು ವರ್ಷ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಎರಡು ವರ್ಷದ ಡಿಪ್ಲೊಮಾ ಹಿಡಿಯುವುದೂ ಬೇಡ.

ಇನ್ನೊಂದು ಎಚ್ಚರಿಕೆ. ಆರು ತಿಂಗಳಲ್ಲಿ, ಶನಿವಾರ ಭಾನುವಾರ ಬಂದರೆ ಸಾಕು, ತಜ್ಞರಾಗುತ್ತೀರಿ ಎಂದು ‘ಫೆಲೋಶಿಪ್’ ಮಾರುವವರಿದ್ದಾರೆ. ವಯಸ್ಸಾಯಿತೆಂಬ ಅಳುಕಿರುವವರೇ ಅವರ ಗಿರಾಕಿಗಳು. ಈ ಅರ್ಹತೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಹಣ ಕಟ್ಟಬೇಡಿ.

ಹಂತ 2: ಇಂಟರ್ನ್‌ಶಿಪ್‌ನಲ್ಲಿ ರೊಟ್ಟಿಯನ್ನು ಗುರುತಿಸುವುದು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಪ್ರತಿ ವಿಭಾಗಕ್ಕೂ ಅದರದೇ ಹೋಳಿಗೆ ಇರುತ್ತದೆ, ಅದರದೇ ಜೋಳದ ರೊಟ್ಟಿಯೂ ಇರುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಬರುವ, ಎಲ್ಲರೂ ಸುತ್ತ ನಿಂತು ನೋಡುವ ಪ್ರಕರಣ ಹೋಳಿಗೆ. ದಿನವೂ ಇಪ್ಪತ್ತು ಬಾರಿ ಬರುವುದು ರೊಟ್ಟಿ. ವಿದ್ಯಾರ್ಥಿಗಳು ಹೋಳಿಗೆಗೆ ಮನಸೋತು ವಿಭಾಗ ಹಿಡಿಯುತ್ತಾರೆ. ಉಣ್ಣಬೇಕಾದದ್ದು ರೊಟ್ಟಿಯನ್ನು.

ನಾನೂ ಹಾಗೆಯೇ ಮಾಡುವುದರಲ್ಲಿದ್ದೆ. ಮೊಣಕಾಲು ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಮೊದಲ ಸಲ ಕಂಡ ದಿನ ಎಲುಬು ಮತ್ತು ಕೀಲು ವಿಭಾಗವೇ ನನ್ನದು ಎಂದು ತೀರ್ಮಾನಿಸಿದ್ದೆ. ಪೋಸ್ಟಿಂಗ್ ಬಂದಾಗ ತಿಳಿಯಿತು: ಅಲ್ಲಿನ ರೊಟ್ಟಿ ಎಂದರೆ ಸೊಂಟನೋವು, ಬೈಕಿನಿಂದ ಬಿದ್ದು ಮುರಿದ ಮಣಿಕಟ್ಟು, ಪ್ಲಾಸ್ಟರ್ ಹಾಕುವಾಗ ಭಾರವಾದ ಕಾಲನ್ನು ಎತ್ತಿ ಹಿಡಿದು ನಿಲ್ಲುವುದು, ಎಕ್ಸ್‌ರೇ ಕಿರಣ ತಡೆಯುವ ಸೀಸದ ಏಪ್ರನ್ ಹೊತ್ತು ಗಂಟೆಗಟ್ಟಲೆ ದುಡಿಯುವುದು. ಎರಡನೆಯ ವಾರ ನನ್ನ ಬೆನ್ನು ಉತ್ತರ ಕೊಟ್ಟಿತು. ಆ ಕೆಲಸವನ್ನು ಪ್ರೀತಿಯಿಂದ ಮಾಡುವವರನ್ನು ಕಂಡಿದ್ದೇನೆ, ಅವರ ಬಗ್ಗೆ ಗೌರವವಿದೆ. ನನ್ನ ದೇಹ ಅದಕ್ಕಲ್ಲ.

ಚರ್ಮರೋಗ ವಿಭಾಗದ ರೊಟ್ಟಿ ಹುಳುಕಡ್ಡಿ. ಅದೂ ಸ್ಟೆರಾಯ್ಡ್ ಬೆರೆಸಿದ ಮುಲಾಮು ಹಚ್ಚಿ ಹಚ್ಚಿ ತೊಡೆತುಂಬ ಹರಡಿಸಿಕೊಂಡದ್ದು. ಅಂಥ ಮುಲಾಮಿನಿಂದ ತುರಿಕೆ ಎರಡು ದಿನದಲ್ಲಿ ತಗ್ಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೆ ಬೆಳೆಯುತ್ತದೆ. ಅಂಗಡಿಯಲ್ಲಿದ್ದಾಗ ಅಂಥ ಟ್ಯೂಬುಗಳನ್ನು ಚೀಟಿ ಇಲ್ಲದೆ ನಾನೂ ಕೊಟ್ಟಿದ್ದೇನೆ. ಅದಕ್ಕೆ ಇಂದಿಗೂ ಮನಸ್ಸು ನೋಯುತ್ತದೆ. ದಿನಕ್ಕೆ ಮೂವತ್ತು ಜನರಿಗೆ ಅದೇ ಮಾತನ್ನು ಅದೇ ತಾಳ್ಮೆಯಿಂದ ಹೇಳಬಲ್ಲಿರಾದರೆ ಚರ್ಮರೋಗ ನಿಮಗೆ ಒಗ್ಗುತ್ತದೆ.

ಈಗ ಇಂಟರ್ನ್‌ಶಿಪ್‌ನ 52 ವಾರಗಳು ಹೇಗೆ ಹಂಚಿಹೋಗಿವೆ ನೋಡಿ. ಸಮುದಾಯ ವೈದ್ಯಕೀಯಕ್ಕೆ 12, ಸ್ತ್ರೀರೋಗ ಮತ್ತು ಪ್ರಸೂತಿಗೆ 7, ಮೆಡಿಸಿನ್ ಮತ್ತು ಸರ್ಜರಿಗೆ ತಲಾ 6. ಮನೋವೈದ್ಯಕೀಯಕ್ಕೆ 2, ಅರಿವಳಿಕೆಗೆ 2, ಚರ್ಮರೋಗಕ್ಕೆ 1 ಮಾತ್ರ. ತಡವಾಗಿ ಬಂದವರಿಗೆ ಹೆಚ್ಚು ಹೊಂದುವ ವಿಭಾಗಗಳಿಗೇ ಸಮಯ ಕಡಿಮೆ. ಎರಡು ವಾರದ ಪೋಸ್ಟಿಂಗ್‌ನಲ್ಲಿ ಸಹಿ ಹಾಕಿ ಗ್ರಂಥಾಲಯಕ್ಕೆ ಓಡಿದರೆ ಆ ವಿಭಾಗವನ್ನು ನೀವು ನೋಡಿದಂತೆಯೇ ಅಲ್ಲ. ಐಚ್ಛಿಕ ಅವಧಿಯಲ್ಲಿ ನಿಮ್ಮ ಆಯ್ಕೆಗೆ ಬಿಟ್ಟ ವಾರಗಳನ್ನು ಪರೀಕ್ಷೆಯ ಓದಿಗೆ ಸುರಿಯದೆ ಅನುಮಾನವಿರುವ ವಿಭಾಗಕ್ಕೇ ಕೊಡಿ. ಮನೋವೈದ್ಯಕೀಯದತ್ತ ಒಲವಿದ್ದರೆ ಅನುಮತಿ ಪಡೆದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಕೆಲವು ಬೆಳಗ್ಗೆ ಕುಳಿತು ನೋಡಿ.

ಒಂದು ಉದ್ದನೆಯ ನೋಟುಪುಸ್ತಕ ಕೊಳ್ಳಿ. ಪ್ರತಿ ಡ್ಯೂಟಿ ಮುಗಿದ ಮೇಲೆ, ಮಲಗುವ ಮುನ್ನ, ಮೂರು ಸಾಲು ಬರೆಯಿರಿ: ಇವತ್ತು ಅತಿ ಹೆಚ್ಚು ಬಾರಿ ಮಾಡಿದ ಕೆಲಸ ಯಾವುದು, ರಾತ್ರಿ ಎರಡರಿಂದ ನಾಲ್ಕರವರೆಗೆ ಏನು ಮಾಡುತ್ತಿದ್ದೆ, ದಣಿದದ್ದು ಕಾಲೋ ಕಣ್ಣೋ ಮನಸ್ಸೋ. ಕಾಲಿನ ದಣಿವು ನಿದ್ದೆಯಿಂದ ಇಳಿಯುತ್ತದೆ. ಮನಸ್ಸಿನ ದಣಿವು ಸತತ ಮೂರು ದಿನ ಬರೆಸಿಕೊಂಡರೆ ಆ ವಿಭಾಗ ನಿಮ್ಮದಲ್ಲ. ಮರುದಿನ ನೆನಪಿನಿಂದ ಬರೆಯುತ್ತೇನೆ ಎನ್ನಬೇಡಿ. ನೆನಪು ಹೋಳಿಗೆಯನ್ನಷ್ಟೇ ಇಟ್ಟುಕೊಳ್ಳುತ್ತದೆ.

ನನ್ನ ಕಾಲದಲ್ಲಿ ಅರಿವಳಿಕೆಗೆ ಹದಿನೈದು ದಿನ. ಸಿಸೇರಿಯನ್‌ಗೆ ಬಂದ ಹೆಣ್ಣುಮಗಳೊಬ್ಬಳನ್ನು ಬೆನ್ನು ಬಾಗಿಸಿ ಕೂರಿಸಿದ್ದರು. ನಮ್ಮ ಸರ್ ನನ್ನ ಬೆರಳು ಹಿಡಿದು ಬೆನ್ನುಮೂಳೆಗಳ ನಡುವಿನ ಸಂದನ್ನು ಮುಟ್ಟಿಸಿದರು. ಸೂಜಿ ಒಳಗೆ ಸಾಗುತ್ತಾ ಒಂದು ಪೊರೆಯನ್ನು ದಾಟಿದ್ದು ಅವರ ಮುಖದಲ್ಲೇ ತಿಳಿಯಿತು. ಸೂಜಿಯ ತುದಿಯಲ್ಲಿ ನೀರಿನಷ್ಟು ತಿಳಿಯಾದ ಒಂದು ಹನಿ ಮೂಡಿತು. ಅದು ಹೋಳಿಗೆ. ಆಮೇಲಿನ ಒಂದು ಗಂಟೆ ಅವರು ಅವಳ ತಲೆಯ ಬಳಿಯೇ ನಿಂತು, ಐದೈದು ನಿಮಿಷಕ್ಕೆ ರಕ್ತದೊತ್ತಡ ನೋಡುತ್ತಾ, “ಉಸಿರಾಟ ಸರಾಗವಾಗಿದೆಯೇನಮ್ಮಾ?” ಎಂದು ಕೇಳುತ್ತಿದ್ದರು. ಅದು ರೊಟ್ಟಿ. ಆ ರಾತ್ರಿ ಪುಸ್ತಕದಲ್ಲಿ ಬರೆದೆ: ಕಾಲು ದಣಿದಿದೆ, ಮನಸ್ಸು ದಣಿದಿಲ್ಲ.

ಹಂತ 3: ಐವತ್ತೈದರವರನ್ನು ನೋಡುವುದು

ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ದುಡಿಯುವ ರೆಸಿಡೆಂಟರನ್ನು ನೋಡಿ ವಿಭಾಗ ಅಳೆಯಬೇಡಿ. ಎಲ್ಲ ವಿಭಾಗದ ರೆಸಿಡೆಂಟರೂ ನಿದ್ದೆಗೆಟ್ಟಿರುತ್ತಾರೆ. ನಿಮ್ಮ ಊರಿನಲ್ಲಿ, ದೊಡ್ಡ ಕಾಲೇಜಿನ ಹೊರಗೆ, ಅದೇ ವಿಭಾಗದಲ್ಲಿ ದುಡಿಯುವ ಐವತ್ತೈದರ ವೈದ್ಯರೊಬ್ಬರ ಬಳಿ ಹೋಗಿ. ಎಷ್ಟು ಸಂಪಾದನೆ ಎಂದು ಕೇಳಬೇಡಿ. ಕಳೆದ ವಾರ ಎಷ್ಟು ರಾತ್ರಿ ಫೋನ್ ಬಂತು, ಎಷ್ಟು ಬಾರಿ ಎದ್ದು ಹೋಗಬೇಕಾಯಿತು ಎಂದು ಕೇಳಿ. ಹೆರಿಗೆ ನೋಡುವವರ ಉತ್ತರಕ್ಕೂ ಕಣ್ಣು ನೋಡುವವರ ಉತ್ತರಕ್ಕೂ ಇರುವ ಅಂತರದಲ್ಲಿ ನಿಮ್ಮ ಮುಂದಿನ ಬದುಕು ಕಾಣಿಸುತ್ತದೆ.

ನನ್ನ ಸಲಹೆ ಸ್ಪಷ್ಟ. ಮನೆಯಲ್ಲಿ ಮಕ್ಕಳು, ವಯಸ್ಸಾದ ಅತ್ತೆ ಮಾವ ಇರುವವರು ಅರಿವಳಿಕೆ, ಮನೋವೈದ್ಯಕೀಯ, ಕುಟುಂಬ ವೈದ್ಯಕೀಯ ಈ ಮೂರನ್ನು ಮೊದಲು ನೋಡಬೇಕು. ಅರಿವಳಿಕೆಯಲ್ಲೂ ರಾತ್ರಿ ಕರೆ ಇದೆ, ತುರ್ತು ಸಿಸೇರಿಯನ್ ಹೊತ್ತು ನೋಡುವುದಿಲ್ಲ. ಆದರೆ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಮನಸ್ಸು ಮನೆಯಲ್ಲಿಯೇ ಇರುತ್ತದೆ. ಇನ್ನೆರಡರಲ್ಲಿ ನಿಮ್ಮ ನರೆತ ಕೂದಲೇ ಬಂಡವಾಳ: ಇಪ್ಪತ್ತೈದರ ವೈದ್ಯರಿಗೆ ಹೇಳದ ಕುಡಿತದ ಕಥೆಯನ್ನು, ಸಂಸಾರದ ನೋವನ್ನು ಜನ ನಿಮ್ಮ ಮುಂದೆ ಹೇಳುತ್ತಾರೆ.

ಹಂತ 4: ಪರೀಕ್ಷೆ

ಓದುವುದನ್ನು ನಿಮಗೆ ಕಲಿಸಬೇಕಾಗಿಲ್ಲ. ತಯಾರಿಗೆ ಒಂದೇ ಆ್ಯಪ್ ಸಾಕು, ಮೂರು ಕೊಳ್ಳಬೇಡಿ.

ಹಂತ 5: ಆಪ್ಷನ್ ಎಂಟ್ರಿ

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಸೀಟುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು. ಸೀಟು ಹಂಚುವಾಗ ನಿಮ್ಮ ರ್‍ಯಾಂಕ್‌ಗೆ ಸಿಗುವ ಸೀಟುಗಳಲ್ಲಿ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಕೊಡುತ್ತಾರೆ. ಸಿಗುವುದಿಲ್ಲ ಎಂದು ತೋರಿದರೂ ಇಷ್ಟವಾದದ್ದನ್ನು ಮೊದಲು ಬರೆದರೆ ಕೆಳಗಿನವಕ್ಕೆ ನಷ್ಟವಿಲ್ಲ. ಸೇರಲು ಮನಸ್ಸಿಲ್ಲದ ವಿಭಾಗವನ್ನು ಕೊನೆಯ ಸಾಲಿನಲ್ಲೂ ಬರೆಯಬೇಡಿ, ಸೇರಿದ ಮೇಲೆ ಸೀಟು ಬಿಟ್ಟರೆ ದಂಡ ಕಟ್ಟಬೇಕಾಗುತ್ತದೆ. ಪಟ್ಟಿ ಮಾಡಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ನಿಮ್ಮ ನೋಟುಪುಸ್ತಕದಲ್ಲಿರುವುದು ಗೊತ್ತಿರುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಆ ಪುಸ್ತಕ ತೆರೆದಿಟ್ಟುಕೊಂಡು, ನೀವೇ ತುಂಬಿಸಿ.

ಹಂತ 6: ಮನೆ

ಸೀಟು ಸಿಕ್ಕ ವಾರವೇ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ ಹಿಡಿಯಿರಿ, ಒಂದು ಕೋಣೆ ಕಡಿಮೆಯಾದರೂ ಚಿಂತೆಯಿಲ್ಲ. ಧಾರವಾಡದಲ್ಲಿ ಸ್ವಂತ ಮನೆ ಇದೆ, ಹುಬ್ಬಳ್ಳಿಯ ಡ್ಯೂಟಿಗೆ ಚಿಗರಿ ಬಸ್ಸಿನಲ್ಲಿ ಓಡಾಡುತ್ತೇನೆ ಎಂದವರೊಬ್ಬರು ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲೇ ನಿದ್ದೆ ಹೋಗಿ, ಇಳಿಯಬೇಕಾದ ನಿಲ್ದಾಣ ದಾಟಿ, ಮತ್ತೆ ಹಿಂದಕ್ಕೆ ಬರುತ್ತಿದ್ದರು. ಮೂರನೆಯ ತಿಂಗಳು ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು, ಆಸ್ಪತ್ರೆಯ ಹಿಂದಿನ ಓಣಿಗೆ ಬಂದರು.